ಕೋವಿಯ ನಳಿಗೆ ಎಷ್ಟುದ್ದ ಇರಬೇಕು? ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ತಿಂಗಳು ಹಳೆಯ ಕೋವಿಗಳ ನಿಗಾ ಬಗ್ಗೆ ಒಂದು ಪ್ರಶ್ನೆಗೆ ಉತ್ತರಿಸಿದ್ದೆವು. ಅದರ ಬೆನ್ನಿಗೇ ಬಂದ ಪತ್ರಗಳಲ್ಲಿ ಹೆಚ್ಚಿನವು ನಳಿಗೆಯ ಉದ್ದದ ಸುತ್ತಲೇ ಗಿರಕಿ ಹೊಡೆಯುತ್ತಿವೆ. ಹಾಗಾಗಿ ಈ ಸಲದ ಪುಟಗಳೆಲ್ಲ ಅದಕ್ಕೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಮೇಲೆ ನಮ್ಮಲ್ಲಿ ಬೇಟೆ ಅಪರಾಧ. ಬೇಟೆ ರೈಫಲ್ ಕೊಳ್ಳುವ ಪ್ರಶ್ನೆ ಕಳಿಸಿದವರು ಹೊರದೇಶದಲ್ಲಿರುವ ನಮ್ಮವರು. ಊರಿನಿಂದ ಬಂದವು ಬೆಳೆ ಕಾವಲಿನ ಕೋವಿ, ಮನೆತನದ ಹಳೇ ರೈಫಲ್, ಕ್ಲಬ್ಬಿನ ಗುರಿ ಅಭ್ಯಾಸ ಇಂಥವು.

ನಮ್ಮ ಮನೆ ಮೈಸೂರಿನ ಜಯಲಕ್ಷ್ಮೀಪುರಂ. ನಾಲ್ಕು ವರ್ಷದಿಂದ ಟೆಕ್ಸಾಸಿನಲ್ಲಿ ಎಚ್-1ಬಿ ಮೇಲೆ ಕೆಲಸ. ಆಫೀಸಿನ ಗೆಳೆಯರೊಂದಿಗೆ ಈ ಸೀಸನ್ನಿಗೆ ಜಿಂಕೆ ಬೇಟೆಗೆ ಹೋಗುವ ಆಸೆ. .308 ಬೋಲ್ಟ್ ರೈಫಲ್ (ಕೈಯಿಂದ ಅಗುಳಿ ಎಳೆದು ತೋಟಾ ತುಂಬುವಂಥದ್ದು) ಅಂತ ತೀರ್ಮಾನ ಮಾಡಿದ್ದೇನೆ. ಅಂಗಡಿಯವನು 24 ಇಂಚಿನ ನಳಿಗೆ ತಗೋ ಅನ್ನುತ್ತಾನೆ, ಗೆಳೆಯ 16 ಸಾಕು ಅನ್ನುತ್ತಾನೆ. ಯಾರ ಮಾತು ಕೇಳಲಿ?

20 ಇಂಚಿನದು ತೆಗೆದುಕೊಳ್ಳಿ. ಇಬ್ಬರೂ ಸುಳ್ಳು ಹೇಳಿಲ್ಲ, ತಂತಮ್ಮ ಬೇಟೆಯ ಜಾಗ ನೆನೆದುಕೊಂಡು ಮಾತಾಡಿದ್ದಾರೆ ಅಷ್ಟೆ.

ತೋಟಾ ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ವೇಗ ಸಾಮಾನ್ಯವಾಗಿ 24 ಇಂಚಿನ ಪರೀಕ್ಷಾ ನಳಿಗೆಯದು. .308ರಲ್ಲಿ 150 ಗ್ರೇನ್ (ಸುಮಾರು 10 ಗ್ರಾಂ) ತೂಕದ ಗುಂಡಿಗೆ ಸೆಕೆಂಡಿಗೆ 2820 ಅಡಿ ಎಂದು ಬರೆದಿರುತ್ತಾರೆ. ನಳಿಗೆ ಒಂದೊಂದು ಇಂಚು ಕುಗ್ಗಿದಂತೆ ಈ ತೋಟಾದಲ್ಲಿ ಸುಮಾರು 25 ಅಡಿ ವೇಗ ಇಳಿಯುತ್ತದೆ, 18 ಇಂಚಿನ ಕೆಳಗೆ ಇನ್ನೂ ಸ್ವಲ್ಪ ಜಾಸ್ತಿ. ಲೆಕ್ಕ ಹಾಕಿದರೆ 20 ಇಂಚಿಗೆ 2720, 18ಕ್ಕೆ 2670, 16ಕ್ಕೆ 2610ರ ಆಸುಪಾಸು. ಇವೆಲ್ಲ ಸರಾಸರಿ ಅಂಕಿ. ಒಂದೇ ಕಾರ್ಖಾನೆಯ, ಒಂದೇ ಉದ್ದದ ಎರಡು ನಳಿಗೆಗಳ ನಡುವೆಯೇ ಕೆಲವೊಮ್ಮೆ 40-50 ಅಡಿ ವ್ಯತ್ಯಾಸ ಕಾಣುತ್ತದೆ.

ಸೆಕೆಂಡಿಗೆ ನೂರಡಿ ಕಳೆದುಕೊಂಡರೆ ಏನಾಯಿತು ಎಂಬುದನ್ನು ದೂರಕ್ಕೆ ಬದಲಾಯಿಸಿ ನೋಡಿದರೆ ಚೆನ್ನಾಗಿ ಅರ್ಥವಾಗುತ್ತದೆ. ಈ 150 ಗ್ರೇನ್ ಗುಂಡು ಗಾಳಿಯಲ್ಲಿ ಹಾರುವಾಗ ಪ್ರತಿ 100 ಗಜಕ್ಕೆ ಸುಮಾರು 270 ಅಡಿ ವೇಗ ಕಳೆದುಕೊಳ್ಳುತ್ತದೆ. ನಳಿಗೆ ನಾಲ್ಕು ಇಂಚು ಗಿಡ್ಡವಾಗಿದ್ದರಿಂದ ಹೋದ ನೂರಡಿಯನ್ನು ಗುಂಡು ಹೇಗಿದ್ದರೂ ಸುಮಾರು 37 ಗಜ ಹಾರುವಷ್ಟರಲ್ಲಿ ಕಳೆದುಕೊಳ್ಳುತ್ತಿತ್ತು. ಎಂದರೆ 20 ಇಂಚಿನ ರೈಫಲ್ ಹಿಡಿದವನಿಗೆ ಜಿಂಕೆ 37 ಗಜ ಆಚೆ ನಿಂತಂತೆ, ಬೇರೇನೂ ಇಲ್ಲ. ಸಾಮಾನ್ಯ ಬೇಟೆ ಗುಂಡು ಮೈಯೊಳಗೆ ಸರಿಯಾಗಿ ಅರಳಲು ತಾಕುವ ಹೊತ್ತಿಗೆ 1800ರಿಂದ 2000 ಅಡಿ ವೇಗ ಉಳಿದಿರಬೇಕು. 24 ಇಂಚಿನಲ್ಲಿ 2000ದ ಗೆರೆ 300 ಗಜದ ಹತ್ತಿರ ಬರುತ್ತದೆ, 20ರಲ್ಲಿ 260ರ ಸುಮಾರಿಗೆ, 16ರಲ್ಲಿ 225ಕ್ಕೆ. ಟೆಕ್ಸಾಸಿನಲ್ಲಿ ಮೇವಿನ ಡಬ್ಬಿ ಎದುರಿಗೆ ಅಟ್ಟಣೆ ಕಟ್ಟಿಕೊಂಡು ಕೂರುವ ಬೇಟೆಯಲ್ಲಿ ಈಡು ಹೊಡೆಯುವ ದೂರ ಬಹಳವೆಂದರೆ 100-150 ಗಜ. ಹಾಗಾಗಿ ವೇಗದ ಲೆಕ್ಕದಲ್ಲಿ ಮೂರೂ ಪಾಸು.

ಹಾಗಿದ್ದರೆ 16 ಯಾಕೆ ಬೇಡ? ಸದ್ದಿಗೆ. .308 ತೋಟಾದಲ್ಲಿ 45 ಗ್ರೇನಿನ ಆಸುಪಾಸು ಮದ್ದಿರುತ್ತದೆ. ಅದು ಉರಿದು ಆದ ಅನಿಲ, ಗುಂಡು ಬಾಯಿ ದಾಟುವ ಗಳಿಗೆಯಲ್ಲಿ ಇನ್ನೂ ಭಾರಿ ಒತ್ತಡದಲ್ಲಿರುತ್ತದೆ. ನಳಿಗೆ ಗಿಡ್ಡವಾದಷ್ಟೂ ಆ ಒತ್ತಡ ಹೆಚ್ಚು, ಬಾಯಿಂದ ಹೊರಬೀಳುವ ಬೆಂಕಿ ಹೆಚ್ಚು, ಸ್ಫೋಟ ನಿಮ್ಮ ಕಿವಿಗೆ ಅಷ್ಟು ಹತ್ತಿರ. 140 ಡೆಸಿಬೆಲ್ ದಾಟಿದ ಒಂದೇ ಸದ್ದು ಕಿವಿಗೆ ಶಾಶ್ವತ ಪೆಟ್ಟು ಕೊಡಬಲ್ಲದು. ಸೈಲೆನ್ಸರ್ ಇಲ್ಲದ ಬೇಟೆ ರೈಫಲ್ ಯಾವ ಉದ್ದದ್ದಾದರೂ 160ರ ಆಚೆಗೇ. ಇದರ ಮೇಲೆ ಮರದ ಪೆಟ್ಟಿಗೆಯಂಥ ಅಟ್ಟಣೆಯೊಳಗೆ ಕೂತು, ಕಿಟಕಿಯಿಂದ ಹೊರಗೆ ಬರದಷ್ಟು ಗಿಡ್ಡ ನಳಿಗೆಯಿಂದ ಹೊಡೆದರೆ ಸ್ಫೋಟ ಪೂರ್ತಿ ಒಳಗೇ. ಪಕ್ಕದಲ್ಲಿ ಕೂತವರೂ ಕಿವಿ ಮುಚ್ಚಿಕೊಂಡಿರಬೇಕು. ಯಾವ ರೈಫಲ್ ಆದರೂ ಬಾಯಿ ಕಿಟಕಿಯಿಂದ ಒಂದು ಗೇಣಾದರೂ ಹೊರಗಿರಲಿ.

ಸೈಲೆನ್ಸರ್ ಹಾಕುವ ಯೋಚನೆಯಿದ್ದರೆ ಮಾತ್ರ ನಿಮ್ಮ ಗೆಳೆಯರ ಕಡೆಗೆ ವಾಲಿ. ಅದೇ ಆರೇಳು ಇಂಚು ಸೇರಿಸುತ್ತದೆ. 18 ಇಂಚಿಗೆ ಸಿಕ್ಕಿಸಿದರೆ 25 ಆಯಿತು. 24ಕ್ಕೆ ಸಿಕ್ಕಿಸಿದರೆ ಮುಂದಿನ ತುದಿ ಜೀಪಿನ ಬಾಗಿಲಿಗೂ ಪೊದೆಗೂ ತಗುಲುತ್ತಲೇ ಇರುತ್ತದೆ. ಅಮೆರಿಕದ 1934ರ ಕಾನೂನಿನ ಪ್ರಕಾರ ಸೈಲೆನ್ಸರಿಗೂ, 16 ಇಂಚಿಗಿಂತ ಗಿಡ್ಡ ರೈಫಲ್ ನಳಿಗೆಗೂ ಬೇರೆಯೇ ನೋಂದಣಿ ಬೇಕು. 16 ಇಂಚಿನದು ಕೊಂಡು, ಮುಂದೆ ಬಾಯಿ ಕೆಟ್ಟಿತೆಂದು ಕಾಲಿಂಚು ಕತ್ತರಿಸಿದರೂ ಕಾನೂನಿನ ಆಚೆ ಬಿದ್ದಿರಿ. ಅಂಚಿನಲ್ಲಿ ನಿಲ್ಲದಿರುವುದು ಲೇಸು.

ಇದಕ್ಕಿಂತ ಮುಖ್ಯವಾದದ್ದು ನೀವು ಕೇಳದ ಪ್ರಶ್ನೆ. ಎಚ್-1ಬಿ ವಲಸೆಯೇತರ ವೀಸಾ. ಆ ವೀಸಾದವರು ಅಮೆರಿಕದಲ್ಲಿ ಕೋವಿ ಕೊಳ್ಳುವುದಿರಲಿ, ಕೈಯಲ್ಲಿ ಇಟ್ಟುಕೊಳ್ಳುವುದೂ ಅಲ್ಲಿನ ಕೇಂದ್ರ ಕಾನೂನಿನಲ್ಲಿ ನಿಷಿದ್ಧ. ವಿನಾಯಿತಿಗಳಲ್ಲಿ ನಿಮಗೆ ಒದಗುವುದು ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್. ಆದ್ದರಿಂದ ಮೊದಲು ಲೈಸೆನ್ಸ್, ಆಮೇಲೆ ರೈಫಲ್. ಲೈಸೆನ್ಸಿನ ಅವಧಿ ಮುಗಿದ ದಿನ ರೈಫಲ್ ನಿಮ್ಮ ಮನೆಯಲ್ಲಿದ್ದರೆ ಆ ವಿನಾಯಿತಿಯೂ ಮುಗಿಯಿತು. 1971ರ ಸೆಪ್ಟೆಂಬರ್ 2 ಅಥವಾ ಅದರ ನಂತರ ಹುಟ್ಟಿದವರಿಗೆ ಟೆಕ್ಸಾಸಿನಲ್ಲಿ ಬೇಟೆ ಶಿಕ್ಷಣದ ಸರ್ಟಿಫಿಕೇಟ್ ಕೂಡ ಬೇಕು.

ಉದ್ದ ನಳಿಗೆ ಇದ್ದರೆ ಗುರಿ ತಪ್ಪೋದಿಲ್ಲ ಅಂತ ನಮ್ಮ ಕಡೆ ಹಿರೀಕರು ಹೇಳ್ತಾರೆ. ನಿಜವೇ? (ನಾಗಮಂಗಲದ ಓದುಗರು)

ಅವರ ಕಾಲಕ್ಕೆ ಅದು ನಿಜವಿತ್ತು. ಆಗ ಇದ್ದದ್ದು ಬರಿಗಣ್ಣಿನ ಗುರಿ: ಹಿಂದೆ ಒಂದು ಕಚ್ಚು, ಮುಂದೆ ಒಂದು ಮಣಿ. ಎರಡರ ನಡುವಿನ ದೂರ ಹೆಚ್ಚಿದಷ್ಟೂ ಕಣ್ಣಿನ ತಪ್ಪು ಕಡಿಮೆ ದೊಡ್ಡದಾಗುತ್ತದೆ. ಮಣಿಯನ್ನು ಕಚ್ಚಿನ ನಡುವಿಂದ ಕೂದಲೆಳೆಯಷ್ಟು, ಅಂದರೆ 0.1 ಮಿಲಿಮೀಟರ್, ಪಕ್ಕಕ್ಕೆ ಹಿಡಿದಿರಿ ಎನ್ನೋಣ. ಎರಡರ ಅಂತರ 50 ಸೆಂಟಿಮೀಟರ್ ಇದ್ದರೆ 100 ಮೀಟರಿನಲ್ಲಿ ಗುಂಡು 20 ಮಿಲಿಮೀಟರ್ ಸರಿಯುತ್ತದೆ, 60 ಸೆಂಟಿಮೀಟರ್ ಇದ್ದರೆ ಸುಮಾರು 17. ಹಿರಿಯರು ಕಂಡದ್ದು ಈ ಲಾಭವನ್ನು. ದುರ್ಬೀನು ಕೂರಿಸಿದ ರೈಫಲ್ಲಿಗೆ ಈ ಲೆಕ್ಕವೇ ಇಲ್ಲ.

ನಳಿಗೆಯ ಸ್ವಭಾವ ನೋಡಿದರೆ ವಿಷಯ ತಿರುಗಾಮುರುಗಾ. ಒಂದು ಕಬ್ಬಿನ ಜಲ್ಲೆಯನ್ನು ಬುಡದಲ್ಲಿ ಹಿಡಿದು ಅಡ್ಡಕ್ಕೆ ಚಾಚಿ, ಅಲುಗಿಸಿ. ತುದಿ ಎಷ್ಟು ತೂಗುತ್ತದೆ ನೋಡಿ. ಅರ್ಧಕ್ಕೆ ಮುರಿದು ಮತ್ತೆ ಅಲುಗಿಸಿ. ಈಡು ಹೊಡೆದಾಗ ಉಕ್ಕಿನ ನಳಿಗೆಯೂ ಹೀಗೇ ನಡುಗುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಒಂದೇ ದಪ್ಪದ ನಳಿಗೆಯ ಬಿಗಿ ಅದರ ಉದ್ದದ ಘನಕ್ಕೆ ವಿಲೋಮ. 24ನ್ನು 20ರಿಂದ ಭಾಗಿಸಿ, ಬಂದ 1.2ನ್ನು ಮೂರು ಸಲ ಬರೆದು ಒಂದಕ್ಕೊಂದು ಗುಣಿಸಿ, 1.73 ಬರುತ್ತದೆ. ನಾಲ್ಕು ಇಂಚು ಗಿಡ್ಡವಾದ ನಳಿಗೆ ಮುಕ್ಕಾಲು ಪಾಲು ಹೆಚ್ಚು ಬಿಗಿ. ಒಂದೇ ಜಾಗಕ್ಕೆ ಗುಂಡು ಬೀಳುವ ವಿಷಯದಲ್ಲಿ ಗಿಡ್ಡ ನಳಿಗೆ ಸೋಲುವುದಿಲ್ಲ, ಕೆಲವೊಮ್ಮೆ ಗೆಲ್ಲುತ್ತದೆ.

ಉದ್ದ ನಳಿಗೆಯ ಪರವಾಗಿ ಒಂದು ಮಾತು ಉಳಿದಿದೆ. ಮುಂದೆ ತೂಕವಿರುವ ಕೋವಿ ನಿಂತು ಹೊಡೆಯುವಾಗ ಅತ್ತಿತ್ತ ಹೊಯ್ದಾಡುವುದಿಲ್ಲ. ಬಾಯಿಯಲ್ಲಿ 0.6 ಇಂಚು ದಪ್ಪವಿರುವ ತೆಳು ನಳಿಗೆಯ ಒಂದು ಇಂಚಿಗೆ ಸುಮಾರು 27 ಗ್ರಾಂ ತೂಕ, 0.9 ಇಂಚಿನ ದಪ್ಪ ನಳಿಗೆಯಾದರೆ 70 ಗ್ರಾಂ ಮೇಲೆ. ನಾಲ್ಕು ಇಂಚಿಗೆ ಮೊದಲನೆಯದರಲ್ಲಿ ನೂರು ಗ್ರಾಂ ಚಿಲ್ಲರೆ, ಎರಡನೆಯದರಲ್ಲಿ ಕಾಲು ಕಿಲೋ ದಾಟುತ್ತದೆ. ದಿನವಿಡೀ ಹೆಗಲ ಮೇಲೆ ಹೊತ್ತವರಿಗೆ ಇದು ಸಂಜೆ ಹೊತ್ತಿಗೆ ಗೊತ್ತಾಗುತ್ತದೆ.

ಮೂಲ ಕೆ.ಆರ್.ಪೇಟೆ, ಈಗ ನ್ಯೂಜಿಲೆಂಡಿನಲ್ಲಿ. ಇಲ್ಲಿ ಎಲ್ಲರೂ ಸೈಲೆನ್ಸರ್ ಹಾಕುತ್ತಾರೆ, ನಳಿಗೆ ಗಿಡ್ಡ ಮಾಡಿಸುತ್ತಾರೆ. ನನ್ನ .300 ವಿಂಚೆಸ್ಟರ್ ಮ್ಯಾಗ್ನಂ 26 ಇಂಚಿನದು. 20ಕ್ಕೆ ಇಳಿಸಿದರೆ ಅದು .30-06 ಆಗಿಬಿಡುತ್ತದೆ ಅಂತ ಹೆದರಿಸುತ್ತಿದ್ದಾರೆ.

ಪೂರ್ತಿ ಆಗುವುದಿಲ್ಲ, ಹತ್ತಿರ ಹೋಗುತ್ತದೆ. 24 ಇಂಚಿನ ನಳಿಗೆಯಲ್ಲಿ 180 ಗ್ರೇನ್ ಗುಂಡಿಗೆ .300 ಮ್ಯಾಗ್ನಂ 2960 ಅಡಿ ಕೊಡುತ್ತದೆ, .30-06 ಕೊಡುವುದು 2700. ಮ್ಯಾಗ್ನಂನಲ್ಲಿ ನಿಧಾನವಾಗಿ ಉರಿಯುವ ಮದ್ದು ತುಂಬಿರುವುದರಿಂದ ಇಂಚಿಗೆ ಸುಮಾರು 30 ಅಡಿ ಹೋಗುತ್ತದೆ ಎಂದಿಟ್ಟುಕೊಳ್ಳಿ. 20 ಇಂಚಿನಲ್ಲಿ 2840 ಉಳಿಯಿತು. ಉದ್ದ ನಳಿಗೆಯ .30-06ಕ್ಕಿಂತ ಇನ್ನೂ ಮುಂದೆಯೇ. ಆದರೆ ಆ 140 ಅಡಿಗಾಗಿ ನೀವು 70 ಗ್ರೇನಿನಷ್ಟು ಮದ್ದು ಸುಡುತ್ತೀರಿ, .30-06 ಹಿಡಿದವರು 55ರ ಆಸುಪಾಸು. ಒದೆತ, ಬೆಂಕಿ, ತೋಟಾದ ಬೆಲೆ ಎಲ್ಲ ಮ್ಯಾಗ್ನಂನದೇ ಉಳಿಯುತ್ತದೆ, ಫಲ ಮಾತ್ರ ಅರ್ಧ. ನಮ್ಮ ಅಭಿಪ್ರಾಯ ಕೇಳಿದರೆ 22ಕ್ಕೆ ನಿಲ್ಲಿಸಿ. 20 ಇಂಚೇ ಬೇಕು ಅಂದರೆ .308 ಅಥವಾ 6.5 ಕ್ರೀಡ್‌ಮೋರ್ ಕೊಂಡುಕೊಳ್ಳಿ, ಆ ತೋಟಾಗಳು ಗಿಡ್ಡ ನಳಿಗೆಗೆ ಹೊಂದುತ್ತವೆ. ಗಿಡ್ಡ ನಳಿಗೆಗೆಂದು ಬೇಗ ಉರಿಯುವ ಮದ್ದಿಗೆ ಬದಲಾಯಿಸಬೇಕು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಉದ್ದ ನಳಿಗೆಯಲ್ಲಿ ಅತಿ ಹೆಚ್ಚು ವೇಗ ಕೊಟ್ಟ ಮದ್ದೇ ಸಾಮಾನ್ಯವಾಗಿ ಗಿಡ್ಡದರಲ್ಲೂ ಹೆಚ್ಚು ಕೊಡುತ್ತದೆ.

ಸ್ವಾಮಿ, ನಮ್ಮಪ್ಪನ ಕಾಲದ 12 ಬೋರಿನ ಜೋಡುನಳಿಗೆ ಕೋವಿ ಐತೆ, ಬೆಳೆ ಕಾಯೋಕೆ ಲೈಸೆನ್ಸ್ ಇರೋದು. ಎಲೆಕ್ಷನ್ ಟೈಮಲ್ಲಿ ಠಾಣೆಗೆ ಕೊಟ್ಟು ವಾಪಸ್ ತಂದು ನೋಡಿದ್ರೆ ಬಾಯಿ ಹತ್ರ ಎರಡು ಇಂಚಷ್ಟು ತುಕ್ಕು ಹಿಡಿದೈತೆ. ಕಬ್ಬಿನ ಗದ್ದೇಲಿ ಓಡಾಡೋಕೂ ಉದ್ದ ಆಯ್ತು. ವೆಲ್ಡಿಂಗ್ ಶಾಪಲ್ಲಿ ನಾಲ್ಕು ಇಂಚು ಕುಯ್ಸಿಬಿಡ್ಲಾ? (ಮಳವಳ್ಳಿ ಕಡೆಯ ರೈತರು)

ದಯವಿಟ್ಟು ಬೇಡ. ಈ ಒಂದು ವಿಷಯದಲ್ಲಿ ಅರ್ಧಂಬರ್ಧ ಉತ್ತರವೇ ಇಲ್ಲ.

ಮೊದಲು ಕಾನೂನು. 1959ರ ಶಸ್ತ್ರಾಸ್ತ್ರ ಕಾಯ್ದೆಯ 6ನೇ ಕಲಂ ಪ್ರಕಾರ ಕೋವಿಯ ನಳಿಗೆ ಗಿಡ್ಡ ಮಾಡಲು ಅದಕ್ಕೇ ಬೇರೆ ಲೈಸೆನ್ಸ್ ಬೇಕು. ನಿಮ್ಮ ಬೆಳೆ ರಕ್ಷಣೆಯ ಲೈಸೆನ್ಸ್ ಅದಕ್ಕೆ ಆಗಿಬರುವುದಿಲ್ಲ. 2019ರ ತಿದ್ದುಪಡಿ ಆದಮೇಲೆ ಈ ತಪ್ಪಿಗೆ ಏಳು ವರ್ಷಕ್ಕೆ ಕಡಿಮೆಯಿಲ್ಲದ ಜೈಲು. ಕತ್ತರಿಸಿದವನಿಗೂ ಅದೇ ಗತಿ. 20 ಇಂಚಿಗಿಂತ ಗಿಡ್ಡವಾದ, ಒಳಗೆ ಸುರುಳಿ ಗೀರುಗಳಿಲ್ಲದ ನುಣುಪು ನಳಿಗೆಯಂತೂ 2016ರ ನಿಯಮಗಳಲ್ಲಿ ಸಾಮಾನ್ಯ ಲೈಸೆನ್ಸಿಗೆ ಸಿಗದ ವರ್ಗಕ್ಕೇ ಸೇರುತ್ತದೆ.

ಇನ್ನು ಕೋವಿಯ ಕಡೆಯಿಂದ ನೋಡೋಣ. ಚರೆ ಹೊಡೆಯುವ ಕೋವಿಯಲ್ಲಿ ಬಾಯಿಯ ಕೊನೆಯ ಎರಡು ಮೂರು ಇಂಚೇ ಜೀವಾಳ. ಅಲ್ಲಿ ನಳಿಗೆ ಕೊಂಚ ಕಿರಿದಾಗಿರುತ್ತದೆ, ಅದಕ್ಕೆ ಚೋಕ್ ಎನ್ನುತ್ತಾರೆ. ಫುಲ್ ಚೋಕ್ ಅಂದರೂ ಕಿರಿದಾಗುವುದು ಬರೀ ಒಂದು ಮಿಲಿಮೀಟರಿನಷ್ಟು. ಆ ಒಂದು ಮಿಲಿಮೀಟರ್ ಮಾಡುವ ಕೆಲಸ ನೋಡಿ: 40 ಗಜದಲ್ಲಿ 30 ಇಂಚಿನ ವೃತ್ತದೊಳಗೆ ನೂರಕ್ಕೆ 70 ಚರೆ ಬೀಳುತ್ತವೆ. ಕತ್ತರಿಸಿ ಚೋಕ್ ಹೋದರೆ 40 ಮಾತ್ರ. ಉದ್ದದಿಂದ ಆಗುವ ವ್ಯತ್ಯಾಸವೋ ತೀರಾ ಸಣ್ಣದು, ಇಂಚಿಗೆ ಐದರಿಂದ ಹತ್ತು ಅಡಿ ವೇಗ. ಚರೆ ತೋಟಾದ ಮದ್ದು ಮೊದಲ ಒಂದಡಿಯೊಳಗೇ ಹೆಚ್ಚುಕಡಿಮೆ ಉರಿದು ಮುಗಿದಿರುತ್ತದೆ.

ಜೋಡುನಳಿಗೆಗೆ ಇನ್ನೊಂದು ಕಷ್ಟ. ಎರಡು ನಳಿಗೆಗಳನ್ನು ಮೇಲೂ ಕೆಳಗೂ ಪಟ್ಟಿಯಿಟ್ಟು ಸೀಸ-ತವರದ ಬೆಸುಗೆಯಿಂದ ಕೂಡಿಸಿರುತ್ತಾರೆ. ಪಟ್ಟಿಯೊಳಗೆ ಟೊಳ್ಳು, ಬಾಯಿಯ ಹತ್ತಿರ ಮಾತ್ರ ಅದನ್ನು ಮುಚ್ಚಿರುತ್ತಾರೆ. ಕತ್ತರಿಸಿದ ಕೂಡಲೇ ಆ ಟೊಳ್ಳು ಬಾಯಿ ತೆರೆಯುತ್ತದೆ. ಒಂದು ಮಳೆಗಾಲ ಸಾಕು, ನೀರು ಒಳಗಿಳಿದು ಕಾಣದ ಕಡೆಯಿಂದ ನಳಿಗೆಯನ್ನು ತಿನ್ನುತ್ತದೆ. ವೆಲ್ಡಿಂಗ್ ಕಾವಿಗೋ ಬೆಸುಗೆಯೇ ಕರಗಿ ಪಟ್ಟಿ ಎದ್ದುಬರುತ್ತದೆ.

ಈಗ ನೀವು ಮಾಡಬೇಕಾದ್ದು. ಎರಡೂ ಕಡೆ ತೋಟಾ ಇಲ್ಲವೆಂದು ಖಾತ್ರಿ ಮಾಡಿಕೊಂಡು ನಳಿಗೆಗಳನ್ನು ಬಿಚ್ಚಿಕೊಳ್ಳಿ. ಹಿಂಬದಿಯ ಕೊಕ್ಕೆಗೆ ದಾರ ಕಟ್ಟಿ ನೇತುಹಾಕಿ, ಬೆರಳ ಗಿಣ್ಣಿನಿಂದ ಮೆಲ್ಲಗೆ ತಟ್ಟಿ. ಕಂಚಿನ ಗಂಟೆಯ ಹಾಗೆ ದನಿ ಹೊರಟು ಸ್ವಲ್ಪ ಹೊತ್ತು ನಿಂತರೆ ಬೆಸುಗೆ ಗಟ್ಟಿಯಿದೆ. ಒಡೆದ ಮಡಕೆಯಂತೆ ಬದ್ ಅಂದರೆ ಪಟ್ಟಿ ಎಲ್ಲೋ ಬಿಟ್ಟಿದೆ, ಹೊಡೆಯಬೇಡಿ. ಆಮೇಲೆ ಬೆಳಕಿನತ್ತ ಹಿಡಿದು ಹಿಂದಿನಿಂದ ನೋಡಿ. ಒಳಗೋಡೆಯ ಮೇಲೆ ಉಂಗುರದಂತೆ ನೆರಳು ಕಂಡರೆ ಅದು ಉಬ್ಬು. ಉಬ್ಬಿದ ನಳಿಗೆಗೆ ಮನೆ ಮದ್ದಿಲ್ಲ, ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಹತ್ತಿರ ಹೋಗಿ. ಬರೀ ತುಕ್ಕಾದರೆ ಕೋವಿ ಎಣ್ಣೆ ಸವರಿ ಒಂದು ರಾತ್ರಿ ನೆನೆಯಲು ಬಿಟ್ಟು, ಬೆಳಗ್ಗೆ ಹಿತ್ತಾಳೆ ಅಥವಾ ಕಂಚಿನ ತಂತಿಯ ಬ್ರಷ್ಷಿನಿಂದ ಇಪ್ಪತ್ತು ಸಲ ಎಳೆಯಿರಿ. ಕಬ್ಬಿಣದ ಬ್ರಷ್ ಬೇಡ. ಬಟ್ಟೆ ತುಂಡು ಬೆಳ್ಳಗೆ ಬರುವವರೆಗೆ ಒರೆಸಿ. ತುಕ್ಕು ಹೋದ ಕಡೆ ಸಣ್ಣ ಗುಳಿಗಳು ಉಳಿಯುತ್ತವೆ. ಬಾಯಿಯ ಹತ್ತಿರ ಒತ್ತಡ ಕಡಿಮೆ, ಮೇಲುಮೇಲಿನ ಗುಳಿಗಳಿಂದ ಚರೆಗೇನೂ ತೊಂದರೆಯಿಲ್ಲ.

ತುಕ್ಕು ಬಂದದ್ದು ರೆಕ್ಸಿನ್ ಚೀಲದಿಂದ ಇರಬಹುದು. ಅದರೊಳಗಿನ ಬಟ್ಟೆ ತೇವ ಹೀರಿ ಇಟ್ಟುಕೊಳ್ಳುತ್ತದೆ, ಎರಡು ತಿಂಗಳು ಅದರಲ್ಲೇ ಇದ್ದ ಕೋವಿಗೆ ತುಕ್ಕು ಗ್ಯಾರಂಟಿ. ಮುಂದಿನ ಸಲ ಒಪ್ಪಿಸುವ ಮುನ್ನ ಒಳಗೂ ಹೊರಗೂ ದಪ್ಪಗೆ ಎಣ್ಣೆ ಹಚ್ಚಿ, ಎಣ್ಣೆಕಾಗದ ಸುತ್ತಿ ಕೊಡಿ. ಗೋಡೆಗೆ ತೂಗುಹಾಕುವ ಅಭ್ಯಾಸವಿದ್ದರೆ ಇನ್ನೊಂದು ಎಚ್ಚರ: ಮಣ್ಣುಗೂಡು ಕಟ್ಟುವ ಕಣಜಕ್ಕೆ ಕೋವಿಯ ಬಾಯಿ ಅಂದರೆ ಬಲು ಇಷ್ಟ. ಆ ಗೂಡು ಒಳಗಿರುವಾಗ ಈಡು ಹೊಡೆದರೆ ನಳಿಗೆ ಸಿಡಿಯುತ್ತದೆ, ಎಡಗೈ ಇರುವುದು ಅಲ್ಲೇ. ಕೈಗೆತ್ತಿಕೊಂಡಾಗಲೆಲ್ಲ ಒಂದು ಸಲ ಒಳಗೆ ಇಣುಕಿ.

ನೀವು ಕೇಳಿಲ್ಲ, ಆದರೂ: ಕೋವಿಯ ಲೈಸೆನ್ಸ್ ಹಂದಿ ಹೊಡೆಯುವ ಲೈಸೆನ್ಸ್ ಅಲ್ಲ. ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿಯ ನಂತರ ಕಾಡುಹಂದಿ ಸಂರಕ್ಷಿತ ಪ್ರಾಣಿಗಳ ಎರಡನೇ ಶೆಡ್ಯೂಲಿನಲ್ಲಿದೆ. ಬೆಳೆ ಹಾಳುಮಾಡುವ ಹಂದಿಯ ಮೇಲೆ ಕ್ರಮಕ್ಕೆ 11ನೇ ಕಲಂ ಕೆಳಗೆ ಮುಖ್ಯ ವನ್ಯಜೀವಿ ಪಾಲಕರ ಅಥವಾ ಅವರು ನೇಮಿಸಿದ ಅಧಿಕಾರಿಯ ಲಿಖಿತ ಅನುಮತಿ ಬೇಕು.

ಶ್ರೀರಂಗಪಟ್ಟಣದ ನಮ್ಮ ಮನೆಯಲ್ಲಿ ತಾತನ .315 ರೈಫಲ್ ಇದೆ. ಲೈಸೆನ್ಸ್ ನವೀಕರಣದ ಅರ್ಜಿಯ ಜೊತೆ ನಳಿಗೆಯ ಉದ್ದ ಬರೆದುಕೊಡೋಣವೆಂದರೆ ಅಳತೆ ಎಲ್ಲಿಂದ ಹಿಡಿಯಬೇಕು ಗೊತ್ತಾಗುತ್ತಿಲ್ಲ. ಹೊರಗಿನಿಂದ ಅಳೆದಾಗ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಹೊರಗಿನಿಂದ ಅಳೆಯುವುದೇ ತಪ್ಪು. ತೋಟಾ ಕೂರುವ ಕೋಣೆಯೂ ನಳಿಗೆಯ ಭಾಗವೇ, ಅದು ಹೊರಗೆ ಕಾಣುವುದಿಲ್ಲ. ಮ್ಯಾಗಜಿನ್ ತೆಗೆದು, ಬೋಲ್ಟ್ ಹಿಂದಕ್ಕೆಳೆದು, ಕೋಣೆಯೊಳಗೆ ಕಿರುಬೆರಳು ತೂರಿಸಿ ಖಾಲಿಯೆಂದು ನೋಡಿ. ಬೋಲ್ಟ್ ಮುಚ್ಚಿ. ಬಾಯಿಯ ಕಡೆಯಿಂದ ಮರದ ಅಥವಾ ಹಿತ್ತಾಳೆಯ ಕಡ್ಡಿಯನ್ನು ಬೋಲ್ಟಿನ ಮುಖಕ್ಕೆ ತಾಕುವವರೆಗೆ ಇಳಿಸಿ. ಬಾಯಿಗೆ ಸಮನಾಗಿ ಕಡ್ಡಿಯ ಮೇಲೆ ಗೆರೆ ಎಳೆದು, ಹೊರಗೆ ತೆಗೆದು ಟೇಪಿನಿಂದ ಅಳೆಯಿರಿ. ಅದೇ ನಳಿಗೆಯ ಉದ್ದ.

ಕಡ್ಡಿ ಇಳಿಸುವಾಗಲೇ ಒಂದು ಮಾತು. ಬಾಯಿಯ ಒಳಅಂಚು ರೈಫಲ್ಲಿನ ಅತಿ ನಾಜೂಕು ಜಾಗ. ಗುಂಡು ನಳಿಗೆ ಬಿಡುವ ಕೊನೆಯ ಗಳಿಗೆಯಲ್ಲಿ ಅನಿಲ ಅದರ ಬುಡದ ಸುತ್ತ ಎಲ್ಲ ಕಡೆಯಿಂದ ಒಂದೇ ಸಮ ಹೊರಬೀಳಬೇಕು. ಅಂಚಿನಲ್ಲಿ ಒಂದು ಕಡೆ ಸವೆತವಿದ್ದರೆ ಅಲ್ಲಿಂದ ಮೊದಲು ನುಗ್ಗಿ ಗುಂಡಿನ ಬುಡವನ್ನು ಪಕ್ಕಕ್ಕೆ ತಳ್ಳುತ್ತದೆ. ಎರಡು ಇಂಚು ಉದ್ದ-ಗಿಡ್ಡ ಮಾಡುವುದಕ್ಕಿಂತ ಹೆಚ್ಚಿನ ಹಾನಿ ಇದರಿಂದ. ಹತ್ತಿಯ ಇಯರ್‌ಬಡ್ ತೆಗೆದುಕೊಂಡು ಒಳಗಿನಿಂದ ಹೊರಕ್ಕೆ ಅಂಚಿನ ಸುತ್ತ ಮೆಲ್ಲಗೆ ಎಳೆಯಿರಿ. ಎಲ್ಲಾದರೂ ಹತ್ತಿಯ ಎಳೆ ಸಿಕ್ಕಿಕೊಂಡರೆ ಅಲ್ಲಿ ಮುಳ್ಳಿದೆ. ಹಳೇ ರೈಫಲ್ಲುಗಳಲ್ಲಿ ಇದಕ್ಕೆ ಕಾರಣ ಹೆಚ್ಚಾಗಿ ಶತ್ರುವಲ್ಲ, ಮಾಲೀಕರೇ: ವರ್ಷಗಟ್ಟಲೆ ಬಾಯಿಯ ಕಡೆಯಿಂದ ಕಬ್ಬಿಣದ ಕಡ್ಡಿ ತೂರಿಸಿ ಒರೆಸಿರುತ್ತಾರೆ. .315ರ ಮೈಕಟ್ಟು ಲೀ-ಎನ್‌ಫೀಲ್ಡಿನದು. ಬೋಲ್ಟ್ ಪೂರ್ತಿ ಹಿಂದಕ್ಕೆಳೆದು ಅದರ ತಲೆಯನ್ನು ಮೇಲಕ್ಕೆ ತಿರುಗಿಸಿದರೆ ಹೊರಗೆ ಬರುತ್ತದೆ, ಆಮೇಲೆ ಹಿಂಬದಿಯಿಂದಲೇ ಒರೆಸಬಹುದು. ಬೋಲ್ಟನ್ನು ಬೇರೆ ರೈಫಲ್ಲಿನದರ ಜೊತೆ ಅದಲು ಬದಲು ಮಾಡಬೇಡಿ, ಒಂದೊಂದನ್ನೂ ಅದರದರ ರೈಫಲ್ಲಿಗೆ ಹೊಂದಿಸಿರುತ್ತಾರೆ.

ಇಂಥ ರೈಫಲ್ ಎಲ್ಲಾ ಈಡನ್ನೂ ಮೇಲಕ್ಕೇ ಹಾಕುತ್ತಿದ್ದರೆ ಮುಂದಿನ ಮಣಿ ಎತ್ತರಿಸಬೇಕು, ಕೆಳಕ್ಕೆ ಹಾಕುತ್ತಿದ್ದರೆ ತಗ್ಗಿಸಬೇಕು. ಎಷ್ಟು? ತಪ್ಪಿದ ಅಂತರವನ್ನು ಹಿಂದಿನ ಕಚ್ಚಿಗೂ ಮುಂದಿನ ಮಣಿಗೂ ನಡುವಿನ ದೂರದಿಂದ ಗುಣಿಸಿ, ಹೊಡೆದ ದೂರದಿಂದ ಭಾಗಿಸಿ. 100 ಮೀಟರಿನಲ್ಲಿ 20 ಸೆಂಟಿಮೀಟರ್ ಮೇಲೆ ಬಿದ್ದು, ಕಚ್ಚು-ಮಣಿಗಳ ನಡುವೆ 50 ಸೆಂಟಿಮೀಟರ್ ಇದ್ದರೆ ಮಣಿ ಸರಿಯಾಗಿ 1 ಮಿಲಿಮೀಟರ್ ಎತ್ತರವಾಗಬೇಕು.

ಮೈಸೂರು ಅರಸರ ಕಾಲದಲ್ಲಿ ನಮ್ಮ ಮನೆಗೆ ಬಂದ ಜೋಡುನಳಿಗೆ ರೈಫಲ್ ಒಂದಿದೆ. 26 ಇಂಚಿನ ನಳಿಗೆ. ಆನೆ ಅಂಬಾರಿಯ ಮೇಲಿಂದ ಹೊಡೆಯಲು ಅಷ್ಟುದ್ದ ಏಕಿತ್ತು? ತಂದೆಯವರ ನಂತರ ಅದನ್ನು ಇಟ್ಟುಕೊಳ್ಳಬಹುದೇ? (ಲಕ್ಷ್ಮೀಪುರಂ)

ಕಪ್ಪು ಮದ್ದಿನ ಕಾಲದಿಂದ ಬಂದ ಅಳತೆ ಅದು. ಕಪ್ಪು ಮದ್ದಿನಿಂದ ಪೂರ್ತಿ ಕೆಲಸ ತೆಗೆಯಲು 26-28 ಇಂಚು ಬೇಕಾಗುತ್ತಿತ್ತು. ಕಾರ್ಡೈಟ್ ಎಂಬ ಹೊಗೆಯಿಲ್ಲದ ಮದ್ದು ಬಂದಮೇಲೆ 24 ಸಾಕಾದರೂ ಕೈಗಳಿಗೆ ಹಳೇ ತೂಕವೇ ರೂಢಿಯಾಗಿತ್ತು. ಬೋಲ್ಟ್ ರೈಫಲ್ಲಿಗೆ ಹೋಲಿಸಿದರೆ ಜೋಡುನಳಿಗೆಯಲ್ಲಿ ಬೋಲ್ಟ್ ಸರಿಯಲು ಬೇಕಾದ ಜಾಗ ಉಳಿತಾಯವಾಗುವುದರಿಂದ 26 ಇಂಚಿನ ನಳಿಗೆಯಿದ್ದರೂ ಒಟ್ಟು ಉದ್ದ ಅಷ್ಟೇನೂ ಆಗುವುದಿಲ್ಲ.

ಬೋರ್ ಎಷ್ಟೆಂದು ಬರೆದಿಲ್ಲ. .470 ಎಂದಿದ್ದರೆ ಅದರ ಹಿಂದೊಂದು ಸರ್ಕಾರಿ ಕಥೆಯಿದೆ. ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ಬ್ರಿಟಿಷರು ಸೇನೆಯ ಮಾರ್ಟಿನಿ-ಹೆನ್ರಿ ರೈಫಲ್ಲಿಗೆ ಗುಂಡು ಸಿಗಬಾರದೆಂದು .450 ಬೋರನ್ನು ಭಾರತದಲ್ಲಿ ನಿಷೇಧಿಸಿದರು. ಇಂಗ್ಲೆಂಡಿನ ತಯಾರಕರು ಕೂಡಲೇ .470 ಮೊದಲಾದ ಹೊಸ ಬೋರುಗಳನ್ನು ತಂದರು. .303 ಸಾಮಾನ್ಯರಿಗೆ ಸಿಗದಿದ್ದುದರಿಂದ .315 ಹುಟ್ಟಿದ್ದೂ ಇದೇ ತರ್ಕದಿಂದ. ಬಂಡೀಪುರದ ಕಾಡು 1931ರಲ್ಲಿ ವನ್ಯಧಾಮವಾಗುವ ಮುಂಚೆ ಅರಸರ ಬೇಟೆಯ ಜಾಗ. ಅಲ್ಲಿ ಹೊಡೆದ ಹುಲಿಗಳ ಚರ್ಮ ತುಂಬುವ ಕೆಲಸಕ್ಕೆ ಮೈಸೂರಿನ ವ್ಯಾನ್ ಇಂಗೆನ್ ಕಾರ್ಖಾನೆ ಲೋಕವಿಖ್ಯಾತವಾಗಿತ್ತು.

ಇದರ ನಳಿಗೆಯನ್ನು ಯಾವ ಕಾರಣಕ್ಕೂ ಮುಟ್ಟಬೇಡಿ. ಎರಡು ನಳಿಗೆಗಳೂ ಒಂದೇ ಜಾಗಕ್ಕೆ ಹೊಡೆಯುವಂತೆ ತುಸುವೇ ಒಳಕ್ಕೆ ಬಾಗಿಸಿ, ಒಂದು ನಿರ್ದಿಷ್ಟ ತೋಟಾ ಹಾಕಿ ಹೊಡೆದು ನೋಡಿ, ಬೆಸುಗೆ ಕರಗಿಸಿ ಸರಿಪಡಿಸಿ, ಮತ್ತೆ ಹೊಡೆದು ಹೊಂದಿಸಿರುತ್ತಾರೆ. ಒಂದು ಇಂಚು ಕತ್ತರಿಸಿದರೂ ಆ ಹೊಂದಾಣಿಕೆ ಹೋಯಿತು, ಬೆಲೆಯೂ ಹೋಯಿತು.

ವಾರಸುದಾರಿಕೆಗೆ 2016ರ ನಿಯಮಗಳಲ್ಲಿ ದಾರಿಯಿದೆ. ಲೈಸೆನ್ಸುದಾರರು ತೀರಿಕೊಂಡ ಮೇಲೆ, ಅಥವಾ ಅವರಿಗೆ 70 ವರ್ಷ ತುಂಬಿದಾಗ ಇಲ್ಲವೇ ಕೋವಿ 25 ವರ್ಷ ಅವರ ಬಳಿ ಇದ್ದಾಗ, ಇವೆರಡರಲ್ಲಿ ಯಾವುದು ಮೊದಲೋ ಆಗ, ಕಾನೂನುಬದ್ಧ ವಾರಸುದಾರರು ಲೈಸೆನ್ಸಿಗೆ ಅರ್ಜಿ ಹಾಕಬಹುದು. ನಿಮ್ಮದು ಮೈಸೂರು ನಗರವಾದ್ದರಿಂದ ಅರ್ಜಿ ಪೊಲೀಸ್ ಆಯುಕ್ತರ ಕಚೇರಿಗೆ, ಮಂಡ್ಯದವರಾಗಿದ್ದರೆ ಡಿಸಿ ಕಚೇರಿಗೆ. 2019ರಿಂದ ಒಬ್ಬರ ಹೆಸರಿನಲ್ಲಿ ಎರಡಕ್ಕಿಂತ ಹೆಚ್ಚು ಕೋವಿ ಇರುವಂತಿಲ್ಲ, ಅದನ್ನೂ ಎಣಿಸಿಕೊಳ್ಳಿ.

ಮಗಳು ಕ್ಲಬ್ಬಿನಲ್ಲಿ 10 ಮೀಟರ್ ಏರ್ ರೈಫಲ್ ಅಭ್ಯಾಸ ಮಾಡುತ್ತಾಳೆ, ಮುಂದೆ .22ಕ್ಕೂ ಹೋಗುವ ಆಸೆ. ಉದ್ದ ನಳಿಗೆಯದು ಕೊಡಿಸಿದರೆ ಅನುಕೂಲವೇ? (ಮಂಡ್ಯ)

ಸ್ಪರ್ಧೆಯ ಏರ್ ರೈಫಲ್ಲಿನ ಹೊರಗೆ ಉದ್ದವಾಗಿ ಕಾಣುವ ಕೊಳವೆ ಪೂರ್ತಿ ನಳಿಗೆಯಲ್ಲ. ಒಳಗಿನ ನಿಜವಾದ ನಳಿಗೆ ಸಾಮಾನ್ಯವಾಗಿ 42 ಸೆಂಟಿಮೀಟರ್ ಆಸುಪಾಸು, ಉಳಿದದ್ದು ಮುಂದಿನ ಗುರಿಯನ್ನು ದೂರಕ್ಕೆ ಒಯ್ಯುವ ಟೊಳ್ಳು. ಪೆಲೆಟ್ ಸೆಕೆಂಡಿಗೆ 170 ಮೀಟರಿನಷ್ಟು ನಿಧಾನ. ನಳಿಗೆ ಉದ್ದವಾದರೆ ಅದು ಒಳಗೇ ಹೆಚ್ಚು ಹೊತ್ತು ಉಳಿಯುತ್ತದೆ, ಅಷ್ಟರಲ್ಲಿ ಕೈ ಅಲುಗಿದರೆ ಗುರಿಯೂ ಅಲುಗಿತು. ಹತ್ತರ ಚುಕ್ಕೆ ಅರ್ಧ ಮಿಲಿಮೀಟರ್ ಎಂಬುದನ್ನು ನೆನೆಸಿಕೊಂಡರೆ ಯಾಕೆ ಗಿಡ್ಡ ಮಾಡಿದರೆಂದು ತಿಳಿಯುತ್ತದೆ. ಕ್ಲಬ್ಬಿನಲ್ಲಿ ಮಗಳ ಕೈಗೆ ಹೊಂದುವ ತೂಕ ಯಾವುದೆಂದು ನೋಡಿ ಕೊಡಿಸಿ. ನಿಯಮದ ಮಿತಿ 5.5 ಕಿಲೋ, ಶುರುವಿನವರಿಗೆ ಅಷ್ಟು ತೂಕ ಬೇಡ. 4.5 ಮಿಲಿಮೀಟರ್ ಬೋರಿನ, 20 ಜೂಲ್ ಮೀರದ ಏರ್ ರೈಫಲ್ಲಿಗೆ ಲೈಸೆನ್ಸ್ ಬೇಕಿಲ್ಲ.

.22ರ ತೋಟಾದಲ್ಲಿ ಇರುವುದು ಚಿಟಿಕೆ ಮದ್ದು. 16 ಇಂಚು ದಾಟುವಷ್ಟರಲ್ಲಿ ಅದರ ತಳ್ಳುವಿಕೆ ಮುಗಿದಿರುತ್ತದೆ, ಅಲ್ಲಿಂದ ಮುಂದೆ ನಳಿಗೆಯ ಉಜ್ಜಾಟದಿಂದ ಗುಂಡು ನಿಧಾನವಾಗಲೂಬಹುದು. 26 ಇಂಚಿನ .22 ಕಂಡರೆ ಅದು ವೇಗಕ್ಕಲ್ಲ, ಕಚ್ಚು-ಮಣಿಗಳ ನಡುವಿನ ದೂರಕ್ಕೂ ಮುಂದಿನ ತೂಕಕ್ಕೂ ಎಂದು ತಿಳಿಯಿರಿ. ಇದಕ್ಕೆ ಲೈಸೆನ್ಸ್ ಬೇಕೇ ಬೇಕು.